ಪಂಚಾಯ್ತಿಯಿಂದ ಮೇಲೇರೋದಾ, ನೇರ ಪಾರ್ಲಿಮೆಂಟಾ?

ರಾಜಕೀಯಕ್ಕೆ ಇಳೀಬೇಕು ಅಂತಿರೋ ನಮ್ ಕಡೆ ಹುಡುಗ್ರು ಹುಡುಗೀರು ಈ ಎರಡು ದಾರೀನೂ ನೋಡ್ಕೊಳ್ಳಿ. ಹಾಸನದ ದೇವೇಗೌಡ್ರು ಸೊಸೈಟಿ, ತಾಲ್ಲೂಕ್ ಬೋರ್ಡು ಅಂತ ಕೆಳಗಿಂದ ಬಂದೋರು, 1962ರಲ್ಲಿ ಹೊಳೆನರಸೀಪುರದಿಂದ ಪಕ್ಷೇತರ ಎಮ್ಮೆಲ್ಲೆ, 1989ರಲ್ಲಿ ಸೋತ್ರೂ 1991ಕ್ಕೆ ಲೋಕಸಭೆ, 1996ಕ್ಕೆ ಪ್ರಧಾನಿ. ಮೂಡಿಗೆರೆ ಕಡೆಯ ಡಿ.ಬಿ. ಚಂದ್ರೇಗೌಡ್ರು 1971ರಲ್ಲೇ ಚಿಕ್ಕಮಗಳೂರು ಎಂಪಿ, 1978ರಲ್ಲಿ ಇಂದಿರಾ ಗಾಂಧಿಗೆ ಸೀಟು ಬಿಟ್ಕೊಟ್ರು, ಆಮೇಲೆ ವಿಧಾನಸಭೆಗೆ ಬಂದು ಸ್ಪೀಕರೂ ಆದ್ರು.

ಎರಡನೇದು, ಅಂದ್ರೆ ನೇರ ಪಾರ್ಲಿಮೆಂಟ್ ದಾರಿ, ಬೇಗ ಆಗತ್ತೆ, ಆದ್ರೆ ಟಿಕೆಟ್ಟು ಪಾರ್ಟಿ ಕೈಲಿರತ್ತೆ. ಜೊತೆಗೆ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಈಗ ಉಡುಪಿ-ಚಿಕ್ಕಮಗಳೂರು ಆಗಿದೆ, ಎಂಟು ವಿಧಾನಸಭಾ ಕ್ಷೇತ್ರ, ತರೀಕೆರೆಯೋರು ಕುಂದಾಪುರಕ್ಕೂ ಹೋಗಿ ಓಟು ಕೇಳ್ಬೇಕು.

ಪಂಚಾಯ್ತಿಗೆ 21 ವರ್ಷ ಆದ್ರೆ ಸಾಕು, ಎಂಪಿಗೆ 25 ಬೇಕು. ಗ್ರಾಮ ಪಂಚಾಯ್ತೀಲಿ ಪಾರ್ಟಿ ಚಿಹ್ನೇನೂ ಇಲ್ಲ, ಬೋರ್‌ವೆಲ್ ಮೋಟ್ರು ಸುಟ್ಟಾಗ ರಾತ್ರಿ ಫೋನ್ ಎತ್ತಿದ್ರಾ, ಇ-ಸ್ವತ್ತಿಗೆ (ಮನೆ, ಸೈಟಿನ ಆನ್‌ಲೈನ್ ದಾಖಲೆ) ಅಂತ ಬಂದ ಅಜ್ಜಿ ಜೊತೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಹೋಗಿ ನಿಂತ್ರಾ ಅನ್ನೋದ್ನೇ ಜನ ನೋಡೋದು, ಬಜೆಟ್ಟು ಅಂದ್ರೇನು ಅಂತ ಅಲ್ಲೇ ಗೊತ್ತಾಗ್ಬಿಡತ್ತೆ. ಮನೇಲಿ ದುಡ್ಡು, ಹೆಸ್ರು ಇಲ್ದೋರಿಗೆ ನಾನಂತೂ ಪಂಚಾಯ್ತಿ ದಾರೀನೇ ಹೇಳ್ತೀನಿ, ಲೇಟಾದ್ರೂ ಪರ್ವಾಗಿಲ್ಲ, ಮೊದ್ಲು ನಿಮ್ ವಾರ್ಡಿನ ಮತದಾರರ ಪಟ್ಟಿ ತಗೊಂಡು ಮನೆಮನೆಗೆ ಹೋಗೋಕೆ ಶುರು ಮಾಡಿ.