ಚಳಿಗಾಲದ ಜರ್ಮನ್ ಸೈನಿಕ: 1/6 ಗೊಂಬೆಯೋ, 1/35 ಕಿಟ್ಟೋ?

ಎರಡನೇ ಮಹಾಯುದ್ಧದ ಜರ್ಮನ್ ಸೈನಿಕನ ಗೊಂಬೆ, ಅದೂ ಚಳಿ ಉಡುಪಿನದ್ದೇ ಬೇಕು ಅಂತಿದ್ದರೆ ಎರಡು ದಾರಿ ಇವೆ. ಒಂದು, ಹಾಂಗ್‌ಕಾಂಗ್‌ನ ಡ್ರ್ಯಾಗನ್, ಡಿಐಡಿ ಕಂಪನಿಗಳ 1/6 ಗೊಂಬೆ, ಅಂದರೆ ನಿಜವಾದ ಆಳಿನ ಆರನೇ ಒಂದರಷ್ಟು ಗಾತ್ರದ್ದು. ಸುಮಾರು 30 ಸೆಂ.ಮೀ. ಎತ್ತರ, ಮೈಮೇಲೆ ನಿಜವಾದ ಬಟ್ಟೆ. ಇನ್ನೊಂದು, ಜಪಾನಿನ ತಮಿಯಾ ಥರದ 1/35 ಪ್ಲಾಸ್ಟಿಕ್ ಕಿಟ್. ಬರೀ 5 ಸೆಂ.ಮೀ., ಅಂಟಿಸಿ ಬಣ್ಣ ಹಚ್ಚೋ ಕೆಲಸ ನಿಮ್ಮದೇ.

ಉಡುಪಿನ ಮೇಲೆ ಆಸೆ ಇದ್ದರೆ ಕಣ್ಣು ಮುಚ್ಚಿ 1/6 ತಗೊಳ್ಳಿ. 1941ರ ಚಳಿಯಲ್ಲಿ ಮಾಸ್ಕೋ ಬಳಿ ಸರಿಯಾದ ಬಟ್ಟೆಯಿಲ್ಲದೆ ಸೈನಿಕರು ಒದ್ದಾಡಿದ ಮೇಲೆ, ಮುಂದಿನ ಚಳಿಗಾಲಕ್ಕೆ ಜರ್ಮನ್ ಸೇನೆ ದಪ್ಪ ಪಾರ್ಕಾ (ತಲೆಗವಸಿರುವ ಚಳಿ ಕೋಟು) ತಂದಿತು. ಒಂದು ಮಗ್ಗುಲು ಬಿಳಿ, ತಿರುಗಿಸಿ ಹಾಕಿಕೊಂಡರೆ ಬೂದು ಅಥವಾ ಕ್ಯಾಮಫ್ಲಾಜ್ ಬಣ್ಣ. ತೋಳಿನ ಗುಂಡಿ ಗಮನಿಸಿ. ಹಿಮದಲ್ಲಿ ತಮ್ಮವರು ಯಾರು ಅಂತ ಗೊತ್ತಾಗಲು ಅದಕ್ಕೆ ಬಣ್ಣದ ಪಟ್ಟಿ ಸಿಕ್ಕಿಸುತ್ತಿದ್ದರು. ಒಳ್ಳೆಯ ಗೊಂಬೆಯಲ್ಲಿ ಆ ಪಟ್ಟಿಯನ್ನು ನೀವೇ ತೆಗೆದು ಮತ್ತೆ ಸಿಕ್ಕಿಸಬಹುದು, ಎಷ್ಟು ಚೆಂದ ಅಲ್ವಾ! ಕಿಟ್‌ನಲ್ಲಿ ಇದೆಲ್ಲ ಬರೀ ಉಬ್ಬುಗೆರೆ.

ಆದರೆ 1/6 ದುಬಾರಿ, ಜಾಗವೂ ಜಾಸ್ತಿ ಬೇಕು. ಬಿಳಿ ಬಟ್ಟೆ ಧೂಳಿಗೆ ಬೇಗ ಮಾಸುತ್ತದೆ, ಗಾಜಿನ ಕಪಾಟು ಇಲ್ಲದಿದ್ದರೆ ಸುಮ್ನೆ ಕೊಳ್ಳಬೇಡಿ. ಟ್ಯಾಂಕು, ಹಿಮ, ಮುರಿದ ಮನೆ ಎಲ್ಲ ಸೇರಿಸಿ ಒಂದು ದೃಶ್ಯ ಕಟ್ಟುವ ಹುಚ್ಚಿದ್ದರೆ ಕಿಟ್ಟೇ ಸರಿ.

ಒಂದೇ ಕೊಳ್ಳುವುದಾದರೆ ನನ್ನ ಮತ 1/6ಗೆ. ಪೆಟ್ಟಿಗೆ ಮೇಲೆ ‘ಮಾಸ್ಕೋ 1941’ ಅಂತಿದ್ದು ಒಳಗೆ ಈ ಪಾರ್ಕಾ ಇದ್ದರೆ ಮಾತ್ರ ವಾಪಸ್ ಇಟ್ಟುಬಿಡಿ, ಆಗ ಅದಿನ್ನೂ ಬಂದೇ ಇರಲಿಲ್ಲ.