ಹಸಿರು ಜರ್ಸಿ, ಅರ್ಧ ಕಥೆ ಹೇಳುವ ಚೀಟಿ: 1951ರ ಡಾನ್ಸ್ ತಂಡದ ನೆನಪಿನ ಉಡುಪು

ಹಳೆಯ ಕ್ರೀಡಾ ಉಡುಪುಗಳ ಪ್ರತಿರೂಪಗಳನ್ನು ಮಾರುವ ಆನ್‌ಲೈನ್ ಅಂಗಡಿಯೊಂದರಿಂದ ಕಳೆದ ತಿಂಗಳು ನಾನೊಂದು ಹಸಿರು ಜರ್ಸಿಯನ್ನು ತರಿಸಿಕೊಂಡೆ. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯದ 1951ರ ಅಮೆರಿಕನ್ ಫುಟ್‌ಬಾಲ್ ತಂಡದ, ಎಂದರೆ ‘ಡಾನ್ಸ್’ ತಂಡದ ನೆನಪಿಗೆಂದು ತಯಾರಿಸಿದ ಉಡುಪು ಇದು. ಸಾಗಣೆಯೂ ಸೇರಿ 140 ಡಾಲರ್ ಕೊಟ್ಟೆ. ಬೇ ಏರಿಯಾದಲ್ಲಿ ನೆಲೆಸಿರುವ ನಮ್ಮಂಥ ಅನೇಕ ಕನ್ನಡಿಗರು ಗೋಲ್ಡನ್ ಗೇಟ್ ಪಾರ್ಕಿಗೆ ಹೋಗುವಾಗ ಅದರ ಅಂಚಿನಲ್ಲಿರುವ ಕೆಜಾರ್ ಕ್ರೀಡಾಂಗಣವನ್ನು ದಾಟಿಯೇ ಹೋಗಿರುತ್ತೇವೆ. ಆ ತಂಡದ ತವರು ಮೈದಾನ ಅಲ್ಲೇ ಇತ್ತು ಎಂಬುದು ತಿಳಿದ ದಿನದಿಂದ ನನಗೆ ಈ ಜರ್ಸಿಯ ಆಸೆ ಹುಟ್ಟಿತ್ತು.

ಬಟ್ಟೆಯ ಬಗ್ಗೆ ನನಗೆ ದೂರಿಲ್ಲ. ದಪ್ಪ ಹತ್ತಿಯ ಹೆಣಿಗೆ, ತುಂಬು ತೋಳು, ಮಣಿಕಟ್ಟಿನ ಬಳಿ ಬಿಗಿಯಾದ ಪಟ್ಟಿ. ಬೆನ್ನಿನ ಅಂಕಿಯನ್ನು ಮುದ್ರಿಸಿಲ್ಲ. ಹೊಂಬಣ್ಣದ ಬಟ್ಟೆಯನ್ನು ಅಂಕಿಯ ಆಕಾರಕ್ಕೆ ಕತ್ತರಿಸಿ, ಅಂಚಿಗೆ ಎರಡು ಸಾಲು ಹೊಲಿಗೆ ಹಾಕಿದ್ದಾರೆ. ಒಳಮಗ್ಗುಲು ತಿರುಗಿಸಿ ನೋಡಿದರೂ ಜೋತುಬಿದ್ದ ದಾರ ಕಾಣುವುದಿಲ್ಲ, ಎಡ ಭುಜದ ಕೆಳಗೆ ಒಂದೆಡೆ ಮಾತ್ರ ಹೊಲಿಗೆ ತಪ್ಪಿದೆ. ಮೊದಲ ಸಲ ತಣ್ಣೀರಿನಲ್ಲಿ ನೆನೆಸಿದಾಗ ಬಕೆಟ್ಟಿನ ನೀರೆಲ್ಲ ಹಸಿರಾಯಿತು, ಎರಡನೆಯ ಸಲ ಬಣ್ಣ ಬಿಡಲಿಲ್ಲ. ತೋಳು ಸುಮಾರು ಅರ್ಧ ಅಂಗುಲ ಕುಗ್ಗಿತು. ಇಷ್ಟು ದಪ್ಪದ ಉಡುಪನ್ನು ತೊಟ್ಟು ಬಿಸಿಲಲ್ಲಿ ಓಡುವುದೆಂದರೆ ಏನೆಂಬುದು ಒಂದು ಮಧ್ಯಾಹ್ನ ಅದನ್ನು ಹಾಕಿಕೊಂಡು ನಡೆದಾಗ ನನಗೆ ಚೆನ್ನಾಗಿಯೇ ಅರ್ಥವಾಯಿತು.

ನನ್ನ ಅಸಮಾಧಾನವಿರುವುದು ಪೆಟ್ಟಿಗೆಯೊಳಗೆ ಇಟ್ಟಿದ್ದ ಚೀಟಿಯ ಬಗ್ಗೆ. ಅಂಗೈ ಅಗಲದ ಆ ದಪ್ಪ ಕಾಗದದಲ್ಲಿ ತಂಡದ ಬಗ್ಗೆ ಐದಾರು ಸಾಲುಗಳಿವೆ. ಒಂಬತ್ತು ಪಂದ್ಯಗಳನ್ನಾಡಿ ಒಂಬತ್ತನ್ನೂ ಗೆದ್ದ ತಂಡ, ತರಬೇತುದಾರ ಜೋ ಕುಹಾರಿಚ್, ಓಟಗಾರ ಆಲಿ ಮ್ಯಾಟ್ಸನ್ ಎಂಬ ವಿವರಗಳೆಲ್ಲ ಸರಿಯಾಗಿವೆ. ಮ್ಯಾಟ್ಸನ್ ಆ ಋತುವಿನಲ್ಲಿ 1,566 ಗಜ ಓಡಿ, 21 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದು ಪಡೆಯುವ ಅಂಕ) ಗಳಿಸಿ, ಎರಡರಲ್ಲೂ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಮೊದಲಿಗನಾಗಿದ್ದ. ನ್ಯೂಯಾರ್ಕಿನಲ್ಲಿ ಫೋರ್ಡಮ್ ತಂಡದ ವಿರುದ್ಧ ನಡೆದ ಪಂದ್ಯವೊಂದರಲ್ಲೇ ಎದುರಾಳಿಗಳು ಒದ್ದು ಕಳಿಸಿದ ಚೆಂಡನ್ನು ಎರಡು ಸಲ ಹಿಡಿದು, ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಓಡಿ ಗುರಿ ಮುಟ್ಟಿಸಿದ. ಡಾನ್ಸ್ ಆ ಪಂದ್ಯವನ್ನು 32-26ರಲ್ಲಿ ಗೆದ್ದಿತು. ಚೀಟಿಯ ಕೊನೆಯಲ್ಲಿ, ಆ ತಂಡಕ್ಕೆ ಅಂಟಿಕೊಂಡು ಬಂದಿರುವ ಪ್ರಸಿದ್ಧ ಮಾತಿದೆ: ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ. ಕರೆ ಏಕೆ ಬರಲಿಲ್ಲ ಎಂಬುದಕ್ಕೆ ಮಾತ್ರ ಅಲ್ಲಿ ಒಂದಕ್ಷರವೂ ಇಲ್ಲ.

ಹೊಸ ವರ್ಷದ ಹೊತ್ತಿಗೆ ನಡೆಯುವ ‘ಬೌಲ್’ ಪಂದ್ಯಗಳಿಗೆ ಉತ್ತಮ ಕಾಲೇಜು ತಂಡಗಳನ್ನು ಆಹ್ವಾನಿಸುವುದು ಅಂದಿನ ಪದ್ಧತಿ. ಡಾನ್ಸ್ ತಂಡದಲ್ಲಿ ಇಬ್ಬರು ಕರಿಯ ಆಟಗಾರರಿದ್ದರು, ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಆಟಗಾರರು ಮುಂದೆ ಹೇಳಿಕೊಂಡು ಬಂದಂತೆ, ಅವರಿಬ್ಬರನ್ನು ಮನೆಯಲ್ಲೇ ಬಿಟ್ಟು ಬಂದರೆ ಫ್ಲಾರಿಡಾದ ಆರೆಂಜ್ ಬೌಲ್‌ನಲ್ಲಿ ಆಡಬಹುದೆಂಬ ಸೂಚನೆ ತಂಡಕ್ಕೆ ಬಂದಿತ್ತು. ತಂಡ ಒಕ್ಕೊರಲಿನಿಂದ ಒಲ್ಲೆ ಎಂದಿತು. ಇಪ್ಪತ್ತರ ಆಸುಪಾಸಿನ ಹುಡುಗರು, ಅದೂ ಇಡೀ ಋತುವಿನ ದುಡಿಮೆಯ ಫಲ ಕೈಗೆ ಬರುವ ಹೊತ್ತಿನಲ್ಲಿ, ತಮ್ಮ ಇಬ್ಬರು ಜೊತೆಗಾರರಿಗೋಸ್ಕರ ಅದನ್ನು ಬಿಟ್ಟುಕೊಟ್ಟರು ಎಂಬುದು ನನ್ನ ಮಟ್ಟಿಗೆ ಆ ಒಂಬತ್ತು ಗೆಲುವುಗಳಿಗಿಂತಲೂ ದೊಡ್ಡ ಸಂಗತಿ. ಅದಕ್ಕೆ ಬೆಲೆಯನ್ನೂ ತೆತ್ತರು. ನಷ್ಟದಲ್ಲಿದ್ದ ಫುಟ್‌ಬಾಲ್ ವಿಭಾಗವನ್ನು ಆ ಋತು ಮುಗಿಯುತ್ತಿದ್ದಂತೆಯೇ ವಿಶ್ವವಿದ್ಯಾಲಯ ಮುಚ್ಚಿತು.

ಆ ಹುಡುಗರು ಮುಂದೆ ಏರಿದ ಎತ್ತರವನ್ನಾದರೂ ಚೀಟಿಯಲ್ಲಿ ಹೇಳಬಹುದಿತ್ತು. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚನ್ನೂ ರಿಲೇಯಲ್ಲಿ ಬೆಳ್ಳಿಯನ್ನೂ ಗೆದ್ದ. ಅವನೂ ಜೀನೋ ಮಾರ್ಕೆಟಿ, ಬಾಬ್ ಸೇಂಟ್ ಕ್ಲೇರ್ ಇಬ್ಬರೂ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು. ಮೊಣಕಾಲಿನ ಪೆಟ್ಟಿನಿಂದಾಗಿ ಆಟವನ್ನೇ ಕಳೆದುಕೊಂಡ ಟೋಲರ್ 1965ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಎನ್‌ಎಫ್‌ಎಲ್‌ನ ಮೊದಲ ಕರಿಯ ಪಂದ್ಯ ಅಧಿಕಾರಿಯಾದರು. ಆ ಹೊತ್ತಿಗೆ ಲೀಗಿನ ಕಮಿಷನರ್ ಆಗಿದ್ದವರು ಪೀಟ್ ರೋಜೆಲ್, 1951ರಲ್ಲಿ ಇದೇ ತಂಡದ ಪ್ರಚಾರದ ಹೊಣೆ ಹೊತ್ತಿದ್ದ ಯುವಕ. ಬದುಕಿ ಉಳಿದಿದ್ದ ಆಟಗಾರರಿಗೆ ವಿಶ್ವವಿದ್ಯಾಲಯ 2006ರಲ್ಲಿ ಗೌರವ ಡಾಕ್ಟರೇಟ್ ನೀಡಿತು.

ಈ ಕೊರತೆಯನ್ನು ವಿವರಿಸಿ ಅಂಗಡಿಯವರಿಗೆ ಪತ್ರ ಬರೆದೆ. ಹೊಲಿಗೆ ತಪ್ಪಿದ್ದಕ್ಕೆ ಕ್ಷಮೆ ಕೇಳಿ, ಬೇಕಿದ್ದರೆ ಜರ್ಸಿಯನ್ನು ಬದಲಾಯಿಸಿ ಕೊಡುವುದಾಗಿ ಎರಡೇ ದಿನದಲ್ಲಿ ಸೌಜನ್ಯದ ಉತ್ತರ ಬಂತು. ಚೀಟಿಯ ಪ್ರಸ್ತಾಪ ಅದರಲ್ಲಿರಲಿಲ್ಲ. ಬಟ್ಟೆ ಮತ್ತು ಹೊಲಿಗೆಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ತಂಡದ ನೆನಪಿಗೆಂದು ಮಾರುವ ವಸ್ತುವಾಗಿ ನೋಡಿದರೆ ಎರಡಕ್ಕಿಂತ ಹೆಚ್ಚು ಕೊಡಲು ನನಗೆ ಮನಸ್ಸಾಗುವುದಿಲ್ಲ. ಕೊಳ್ಳುವವರು ಒಂದು ಅಳತೆ ದೊಡ್ಡದನ್ನೇ ತರಿಸಿಕೊಳ್ಳಿ, ಮೊದಲ ಒಗೆತದಲ್ಲಿ ಬೇರೆ ಬಟ್ಟೆಗಳ ಜೊತೆ ಹಾಕಬೇಡಿ, ನೆರಳಿನಲ್ಲಿ ಒಣಗಿಸಿ. ಯಾರಿಗಾದರೂ ಉಡುಗೊರೆಯಾಗಿ ಕೊಡುವುದಾದರೆ, ಚೀಟಿಯ ಹಿಂಬದಿ ಖಾಲಿಯಿದೆ. ಮ್ಯಾಟ್ಸನ್ ಮತ್ತು ಟೋಲರ್ ಅವರನ್ನು ಬಿಟ್ಟು ಹೋಗಲು ತಂಡ ಒಪ್ಪಲಿಲ್ಲ ಎಂಬ ಮಾತನ್ನು ಅಲ್ಲಿ ನಿಮ್ಮ ಕೈಯಾರೆ ಬರೆದು ಕೊಡಿ. ನನ್ನ ಚೀಟಿಯ ಮೇಲೆ ನಾನು ಹಾಗೆಯೇ ಮಾಡಿದ್ದೇನೆ.