ಬೆನ್ನುಹುರಿಗೆ ಪೆಟ್ಟು ಬಿದ್ದ ಯೋಧರಿಗೊಂದು ಆಸರೆ: ಪುಣೆಯ ಖಡ್ಕಿ ಪುನರ್ವಸತಿ ಕೇಂದ್ರ

ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಅಥವಾ ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ 1974ರಲ್ಲಿ ಆರಂಭವಾದ ಖಡ್ಕಿಯ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವನ್ನು ಆಸ್ಪತ್ರೆಯ ಅಳತೆಗೋಲಿನಿಂದ ನೋಡುವುದು ಸರಿಯಲ್ಲ. ಚಿಕಿತ್ಸೆ ಮುಗಿದ ಮೇಲೆ ಉಳಿಯುವ ಬದುಕನ್ನು ನಡೆಸುವುದಕ್ಕೆ ನೆರವಾಗುವ ಮನೆಯಿದು.

ಇಂಥ ಸೇವೆಯಲ್ಲಿ ಮೊದಲು ಗಮನಿಸಬೇಕಾದದ್ದು ದಿನಚರಿಯ ಶಿಸ್ತು. ಸ್ಪರ್ಶಜ್ಞಾನವಿಲ್ಲದ ಚರ್ಮದಲ್ಲಿ ಹುಣ್ಣಾಗುತ್ತಿರುವುದು ಗೊತ್ತೇ ಆಗುವುದಿಲ್ಲವಾದ್ದರಿಂದ, ಹಾಸಿಗೆಯಲ್ಲಿ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಗಾಲಿಕುರ್ಚಿಯ ತೋಳುಗಳ ಮೇಲೆ ಭಾರ ಹಾಕಿ ಆಗಾಗ ಮೈ ಎತ್ತುವುದು, ಮೂತ್ರದ ಸೋಂಕು ತಗಲದಂತೆ ಎಚ್ಚರವಹಿಸುವುದು ಇವೆಲ್ಲ ಜೀವ ಉಳಿಸುವ ಕೆಲಸಗಳೇ ಆಗಿವೆ.

ಆದರೆ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಚಿತ್ರಕಲೆ. ಕೈಗಳು ಆಡದವರು ಕುಂಚವನ್ನು ಹಲ್ಲುಗಳ ನಡುವೆ ಕಚ್ಚಿ, ಕತ್ತನ್ನು ಕೂದಲೆಳೆಯಷ್ಟೇ ಹೊರಳಿಸಿ ಎಲೆಯೊಂದರ ಅಂಚಿಗೆ ಬಣ್ಣ ತುಂಬುವಾಗ, ನೋಡುವವರಲ್ಲಿ ಮೂಡಬೇಕಾದದ್ದು ಕನಿಕರವಲ್ಲ, ಕಸುಬಿನ ಮೇಲಿನ ಗೌರವ. ಈ ಚಿತ್ರಗಳನ್ನು ದಾನವೆಂದು ಭಾವಿಸದೆ, ಚಿತ್ರಗಳೆಂದೇ ಮೆಚ್ಚಿ ಕೊಳ್ಳಬೇಕು.

ಕ್ರೀಡೆಗೂ ಇಲ್ಲಿ ಸ್ಥಾನವಿದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ ಅವರು 1972ರ ಪ್ಯಾರಾಲಿಂಪಿಕ್ಸ್ ಈಜಿನಲ್ಲಿ ಚಿನ್ನ ಗೆದ್ದದ್ದನ್ನು ನೆನೆದರೆ, ಅದರ ಮಹತ್ವ ಬೇರೆ ಹೇಳಬೇಕಾಗಿಲ್ಲ.

ಇಂಥ ಕೇಂದ್ರಗಳು ದೇಶದಲ್ಲಿ ತೀರಾ ವಿರಳವೆಂಬುದೇ ನನ್ನ ದೊಡ್ಡ ಕೊರಗು; ಕೊಡಗಿನಂತಹ ಸೈನಿಕರ ನಾಡಿನ ಕುಟುಂಬಕ್ಕೆ ಪುಣೆ ದೂರವೇ. ಮನೆಯಲ್ಲೇ ಆರೈಕೆ ಮಾಡಲು ನಿರ್ಧರಿಸುವವರು ಬಾಗಿಲುಗಳ ಅಗಲ, ಶೌಚಾಲಯದ ಹಿಡಿಕೆ, ಹೊಸ್ತಿಲಿನ ಇಳಿಜಾರುಗಳನ್ನು ಯೋಧ ಮನೆಗೆ ಬರುವ ಮೊದಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.